ಅರ್ಧ ಮಂದಿಗೆ ಪತ್ತೇದಾರಿ, ಅರ್ಧ ಮಂದಿಗೆ ಸಂಸಾರ: ಯಾವ ಕಾದಂಬರಿ ಓದಬಹುದು?

ಸಂಜೆಯೋದು (ಮೈಸೂರು):

ನಮ್ಮ ಬಡಾವಣೆಯಲ್ಲಿ ಪ್ರತಿ ತಿಂಗಳ ಎರಡನೆಯ ಭಾನುವಾರ ಹತ್ತು ಹನ್ನೆರಡು ಮಂದಿ ಸೇರಿ ಒಂದು ಕನ್ನಡ ಕಾದಂಬರಿಯ ಬಗ್ಗೆ ಮಾತನಾಡುತ್ತೇವೆ. ಇವರಲ್ಲಿ ಇಬ್ಬರು ನಿವೃತ್ತ ಮೇಷ್ಟ್ರುಗಳು, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದಿ ಬೆಳೆದವರು. ಕತೆಯಲ್ಲಿ ಒಂದು ಅಪರಾಧವೂ ಅದನ್ನು ಬೆನ್ನು ಹತ್ತುವವನೊಬ್ಬನೂ ಇಲ್ಲದಿದ್ದರೆ ಅವರು ಐವತ್ತನೆಯ ಪುಟದಲ್ಲೇ ಪುಸ್ತಕ ಮಡಚಿಡುತ್ತಾರೆ. ಉಳಿದವರು ಮೂವತ್ತರ ಆಸುಪಾಸಿನವರು. ಅವರಿಗೆ ಇಂದಿನ ನಗರ, ಇಂದಿನ ಕೆಲಸ, ಇಂದಿನ ದಾಂಪತ್ಯ ಬೇಕು. ಕಳೆದ ತಿಂಗಳು ಇಬ್ಬರಿಗೂ ಹಿಡಿಸಲೆಂದು ನಾನು ಆರಿಸಿದ ದಪ್ಪ ಅನುವಾದವೊಂದನ್ನು ಯಾರೂ ಮುಗಿಸಲಿಲ್ಲ. ಸಭೆಯಲ್ಲಿ ಚರ್ಚೆಯಾದದ್ದು ಕೋಡುಬಳೆಯ ಹದ ಮಾತ್ರ.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಕನ್ನಡದಲ್ಲೇ ಬಂದ, ಗಾತ್ರದಲ್ಲಿ ಹೆದರಿಸದ, ಎರಡೂ ಬಣಗಳನ್ನು ಒಂದೇ ಚಾಪೆಯ ಮೇಲೆ ಕೂರಿಸಬಲ್ಲ ಕೃತಿ ಯಾವುದಾದರೂ ಇದ್ದರೆ ದಯವಿಟ್ಟು ತಿಳಿಸಿ. ಕೊನೆಯನ್ನು ಮಾತ್ರ ಯಾರೂ ಬಿಟ್ಟುಕೊಡಬೇಡಿ.

ಕಾಫಿಕಟ್ಟೆ:

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತೆಗೆದುಕೊಳ್ಳಿ. 2013ರಲ್ಲಿ ಬಂದ ಈ ನೀಳ್ಗತೆಯನ್ನು ಎರಡು ಸಂಜೆಗಳಲ್ಲಿ ಮುಗಿಸಬಹುದು. ಬೆಂಗಳೂರಿನ ಸಣ್ಣ ಮನೆಯಲ್ಲಿ ಇರುವೆಗಳ ಕಾಟ ಸಹಿಸಿಕೊಂಡಿದ್ದ ಕೆಳಮಧ್ಯಮ ವರ್ಗದ ಸಂಸಾರವೊಂದು, ಚಿಕ್ಕಪ್ಪ ಆರಂಭಿಸಿದ ‘ಸೋನಾ ಮಸಾಲಾ’ ವ್ಯಾಪಾರದಿಂದ ಏಕಾಏಕಿ ಅನುಕೂಲಸ್ಥವಾಗುತ್ತದೆ. ದುಡಿಯುವವನು ಒಬ್ಬನೇ ಆದ್ದರಿಂದ ಅವನನ್ನು ಕಾಯುವುದೇ ಉಳಿದವರ ಉದ್ಯೋಗವಾಗಿಬಿಡುತ್ತದೆ. ಒಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಹೆಂಗಸೊಬ್ಬಳು ಅವನಿಗಿಷ್ಟವಾದ ಮಸೂರ್ ಬೇಳೆಯ ಅಡುಗೆಯೊಂದಿಗೆ ಮನೆಯ ಬಾಗಿಲಿಗೆ ಬರುತ್ತಾಳೆ. ಆಕೆಯನ್ನು ಮನೆಯ ಹೆಂಗಸರು ಓಡಿಸುವ ರೀತಿಯನ್ನು ಓದಿದ ಮೇಲೆ, ಇರುವೆಗಳನ್ನು ಹೊಸಕುವ ಪುಟಗಳಿಗೆ ಹಿಂದಿರುಗಿ ನೋಡಿ. ಅಲ್ಲಿ ಪೊಲೀಸರಿಲ್ಲ, ಹೆಣವಿಲ್ಲ, ಆದರೂ ಮುಗಿಯುವ ಹೊತ್ತಿಗೆ ನಿಮ್ಮ ಮೇಷ್ಟ್ರುಗಳೇ ಸಾಕ್ಷ್ಯಗಳನ್ನು ಹೆಕ್ಕಲು ಕೂತಿರುತ್ತಾರೆ.

ನನ್ನ ಮಟ್ಟಿಗೆ ಇತ್ತೀಚಿನ ಕನ್ನಡದ ಒಳ್ಳೆಯ ಅಪರಾಧ ಕಥನವು ಪತ್ತೇದಾರಿ ಎಂಬ ಹಣೆಪಟ್ಟಿಯಿಲ್ಲದ ಪುಸ್ತಕಗಳಲ್ಲಿಯೇ ಇದೆ. ಶಾನಭಾಗರದೇ ‘ಸಕೀನಾಳ ಮುತ್ತು’ (2021) ಕೂಡ ಹಾಗೆಯೇ: ಅಪರಿಚಿತ ಹುಡುಗರಿಬ್ಬರು ಬಾಗಿಲು ತಟ್ಟಿ ಮಗಳನ್ನು ಕೇಳುವುದರಿಂದ ಕತೆ ಹೊರಡುತ್ತದೆ. ಶೀರ್ಷಿಕೆಯ ‘ಮುತ್ತು’ ಚುಂಬನವೋ ಹವಳದ ಜೊತೆಯ ಮುತ್ತೋ ಎಂಬ ಅನುಮಾನ ಕನ್ನಡದ ಓದುಗನಿಗೆ ಮಾತ್ರ ದಕ್ಕುವ ಸುಖ. ಇಂಗ್ಲಿಷ್ ಅನುವಾದವು ಒಂದನ್ನೇ ಆರಿಸಿಕೊಳ್ಳಬೇಕಾಯಿತು.

ಏಲಕ್ಕಿ ಮಲೆ:

ಕಾಫಿಕಟ್ಟೆಯವರ ರುಚಿಯ ಬಗ್ಗೆ ಗೌರವವಿದೆ, ಆದರೆ ಮೇಷ್ಟ್ರುಗಳಿಗೆ ಇದು ಮೋಸ. ಹಸಿದು ಬಂದವರಿಗೆ ಊಟದ ವಾಸನೆ ತೋರಿಸಿ ಕಳಿಸಿದಂತಾಗುತ್ತದೆ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ನರಸಿಂಹಯ್ಯನವರು ಓದುಗನೊಂದಿಗೆ ಒಂದು ಕರಾರು ಮಾಡಿಕೊಂಡಿದ್ದರು: ಗಂಟು ಹಾಕಿದವನೇ ಬಿಚ್ಚಿ ತೋರಿಸುತ್ತಾನೆ. ಆ ಕರಾರನ್ನು ಇಂದಿಗೂ ಪಾಲಿಸುತ್ತಿರುವವರಲ್ಲಿ ಕೆ.ಎನ್. ಗಣೇಶಯ್ಯನವರು ಮುಖ್ಯರು. ವೃತ್ತಿಯಿಂದ ಕೃಷಿ ವಿಜ್ಞಾನಿಯಾದ ಅವರು ಕತೆಯ ಅಡಿಯಲ್ಲಿ ಟಿಪ್ಪಣಿ, ಚಿತ್ರ, ಆಧಾರಗಳನ್ನು ಜೋಡಿಸುತ್ತಾ ಹೋಗುತ್ತಾರೆ. ಕೆಲವರಿಗೆ ಇದು ಕಾಲಿಗೆ ತೊಡರುತ್ತದೆ, ನನಗಂತೂ ಅದೇ ಇಷ್ಟ.

ನೀವು ಮೈಸೂರಿನವರಾದ್ದರಿಂದ ‘ಕನಕ ಮುಸುಕು’ವಿನಿಂದ ಆರಂಭಿಸಿ. ಸೋಮನಾಥಪುರದ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂತೆ ಕಾಣುವ ವಸ್ತುವಿದೆ. ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ, ಅದು ಹೊರಜಗತ್ತಿಗೆ ಬಂದದ್ದು 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲೆ ಎಂಬುದು ಒಪ್ಪಿತ ಮಾತು. ಹಾಗಾದರೆ ಹದಿಮೂರನೆಯ ಶತಮಾನದ ಶಿಲ್ಪಿ ಕೆತ್ತಿದ್ದೇನು? ಅದು ಜೋಳವಲ್ಲ, ಬೇರೆ ಹಣ್ಣು ಅಥವಾ ಮಣಿಗಳ ಗೊಂಚಲು ಎನ್ನುವ ವಿದ್ವಾಂಸರೂ ಇದ್ದಾರೆ. ಕೊಲೆಗಿಂತ ಹಳೆಯ ಇಂಥದೊಂದು ಒಗಟು ನಿಮ್ಮ ಮನೆಯಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿದೆ.

ಹೊಸದೇ ಬೇಕೆಂಬ ಹಟವನ್ನು ಸ್ವಲ್ಪ ಸಡಿಲಿಸಿದರೆ ತೇಜಸ್ವಿಯವರ ‘ಚಿದಂಬರ ರಹಸ್ಯ’ವನ್ನೂ ಸೇರಿಸುತ್ತೇನೆ. ಏಲಕ್ಕಿ ಬೆಳೆ ಏಕೆ ನೆಲಕಚ್ಚಿತು ಎಂದು ವಿಚಾರಿಸಲು ಕೆಸರೂರಿಗೆ ಬರುವ ಅಂಗಡಿ ಎಂಬುವವರ ಪತ್ತೇದಾರಿಕೆ ಒಂದು ಊರಿನ ಜಾತಿ, ಮತ, ವ್ಯಾಪಾರಗಳನ್ನೆಲ್ಲ ಕೆದಕಿಬಿಡುತ್ತದೆ. 1985ರ ಪುಸ್ತಕವಾದರೂ ನಮ್ಮ ತೋಟದ ಬದಿಯ ರಸ್ತೆಯಲ್ಲಿ ಅದಿನ್ನೂ ನಡೆಯುತ್ತಿದೆ ಎಂದು ನನಗೆ ಆಗಾಗ ಅನಿಸುವುದುಂಟು.

ಹಿಮದೂರಿನವ:

ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ (2017) ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಲೇಖಕರು ಅಮೆರಿಕದ ಮಿನೆಸೋಟಾದಲ್ಲಿ ವೈದ್ಯರು. ಗ್ರೀನ್ ಕಾರ್ಡಿನ ಆಸೆಯಿಂದ ಅಲ್ಲಿನ ಸಣ್ಣ ಊರೊಂದರ ಆಸ್ಪತ್ರೆಗೆ ಸೇರಿದ ಭಾರತೀಯ ವೈದ್ಯರು, ಆಫ್ರಿಕದಿಂದ ನಿರಾಶ್ರಿತರಾಗಿ ಬಂದ ಗರ್ಭಿಣಿಯರು, ಸಿಸೇರಿಯನ್ ಬೇಕೋ ಬೇಡವೋ ಎಂಬ ಜಗಳ, ಅದರ ಹಿಂದೆಯೇ ಬರುವ ಆರೋಪಗಳು: ಇವಿಷ್ಟು ಕತೆಯ ಸಾಮಗ್ರಿ. ಇಬ್ಬರು ವಲಸಿಗರು, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಮೇಜಿನ ಮೇಲೆ ಸಹಿ ಹಾಕಬೇಕಾದ ಒಪ್ಪಿಗೆ ಪತ್ರ. ಅಪರಾಧ ಎಲ್ಲಿ ಆಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಇಲ್ಲಿನ ಚಳಿಯನ್ನು ಹೊರಗಿನವರು ವರ್ಣಿಸಿದಂತೆ ವರ್ಣಿಸದೆ, ಬೆಳಿಗ್ಗೆ ಎದ್ದು ಕಾರಿನ ಗಾಜಿನ ಮೇಲಿನ ಹಿಮ ಕೆರೆಯುವವನ ಬೇಸರದಲ್ಲಿ ಬರೆದಿದ್ದಾರೆಂದು ನನಗೆ ಅನಿಸಿತು. ನಿಮ್ಮ ಗುಂಪಿನಲ್ಲಿ ಮಕ್ಕಳು ಪರದೇಶದಲ್ಲಿರುವ ತಂದೆತಾಯಿಗಳಿದ್ದರೆ ಚರ್ಚೆ ಬೇಗ ಮುಗಿಯುವುದಿಲ್ಲ.

ಕಾಫಿಕಟ್ಟೆ:

ಏಲಕ್ಕಿ ಮಲೆಯವರ ‘ಕರಾರು’ ಎಂಬ ಮಾತು ಸರಿಯಾಗಿದೆ. ಆದರೆ ಗಂಟು ಬಿಚ್ಚದಿರುವುದೂ ಒಂದು ಕರಾರೇ, ಅದನ್ನು ಲೇಖಕರು ಶೀರ್ಷಿಕೆಯಲ್ಲೇ ಬರೆದುಕೊಟ್ಟಿದ್ದಾರೆ. ‘ಘಾಚರ್ ಘೋಚರ್’ ಯಾವ ನಿಘಂಟಿನಲ್ಲೂ ಇಲ್ಲ. ಕಥಾನಾಯಕನ ಹೆಂಡತಿ ಅನಿತಾ ತವರಿನಿಂದ ತಂದ ಮಾತು, ಬಿಡಿಸಲು ಬಾರದಂತೆ ಗೋಜಲಾದದ್ದಕ್ಕೆ ಅವಳ ಮನೆಯವರು ಮಾತ್ರ ಬಳಸುವಂಥದ್ದು.

ಸಂಜೆಯೋದು (ಮೈಸೂರು):

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಮೇಷ್ಟ್ರುಗಳಿಗೆ ಈ ಉತ್ತರಗಳನ್ನು ಓದಿ ಹೇಳಿದೆ. ‘ಹೆಣವಿಲ್ಲ’ ಎಂಬಲ್ಲಿ ಒಬ್ಬರ ಮುಖ ಸಪ್ಪಗಾಯಿತು, ಮಸೂರ್ ಬೇಳೆಯ ಹೆಂಗಸಿನ ವಿಷಯ ಬಂದಾಗ ‘ಆಮೇಲೆ ಅವಳೇನಾದಳು?’ ಎಂದು ಅವರೇ ಕೇಳಿದರು. ಹಾಗಾಗಿ ಈ ತಿಂಗಳು ‘ಘಾಚರ್ ಘೋಚರ್’, ಮುಂದಿನ ತಿಂಗಳು ‘ಕನಕ ಮುಸುಕು’. ಅದರ ಸಭೆಯನ್ನು ಸೋಮನಾಥಪುರದ ದೇವಾಲಯದ ಹುಲ್ಲುಹಾಸಿನಲ್ಲೇ ನಡೆಸೋಣವೆಂದು ಎರಡೂ ಬಣಗಳವರು ಮೊದಲ ಬಾರಿಗೆ ಒಮ್ಮತಕ್ಕೆ ಬಂದಿದ್ದಾರೆ. ‘ಹಿಜಾಬ್’ ಅನ್ನು ನಾನೊಬ್ಬಳೇ ಮೊದಲು ಓದುತ್ತೇನೆ. ನನ್ನ ಮಗಳು ಅಲ್ಲಿಯೇ ಹೆರಿಗೆಗೆ ದಿನ ಎಣಿಸುತ್ತಿದ್ದಾಳೆ.