ನಾಯಿ ಕರ್ಕೊಂಡು ಟೆಂಪೋದಲ್ಲಿ ನೇಪಾಳಕ್ಕೆ ಹೋದೋರು ಯಾರಾದ್ರೂ ಇದ್ದೀರಾ?

ಮಂಡ್ಯದ ಅಲೆಮಾರಿ:
ಹಳೇ ಟೆಂಪೋ ಟ್ರಾವೆಲರ್‌ಗೆ ಮಂಚ, ಗ್ಯಾಸ್ ಒಲೆ ಕೂರಿಸ್ಕೊಂಡಿದ್ದೀನಿ. ಸೊನೌಲಿ ಗಡಿ ದಾಟಿ ಪೋಖರಾಕ್ಕೆ ಹೋಗೋ ಆಸೆ. ಜೊತೆಗೆ ಕರಿಯ, ನಮ್ಮ ಮುಧೋಳ ನಾಯಿ. ಬಿಟ್ಟು ಹೋಗೋ ಹಾಗಿಲ್ಲ. ಹೋದ ಸಲ ಧರ್ಮಸ್ಥಳಕ್ಕೆ ಹೋದಾಗ ಎರಡು ದಿನ ಮುದ್ದೆ ಮೂಸಿನೂ ನೋಡ್ಲಿಲ್ಲ, ಅವ್ವ ಫೋನಲ್ಲಿ ಒಂದೇ ಗೋಳು. ಗಡಿಲಿ ಏನೇನು ಕೇಳ್ತಾರೆ?

ಕೆಆರ್‌ಎಸ್ ರೋಡ್:
ಆಚೆ ಬೆಲಹಿಯಾದಲ್ಲಿ ಗಾಡಿಗೆ ಭನ್ಸಾರ್ ಮಾಡಿಸ್ಬೇಕು, ಅಂದ್ರೆ ಅವರ ಕಸ್ಟಮ್ಸ್ ಚೀಟಿ. ದುಡ್ಡು ದಿನದ ಲೆಕ್ಕ. ಗುಡ್ಡ ಕುಸಿದು ರಸ್ತೆ ಮುಚ್ಚೋದುಂಟು, ಎರಡು ದಿನ ಜಾಸ್ತಿನೇ ಬರೆಸಿ. ಆಧಾರ್ ನೆಚ್ಕೋಬೇಡಿ, ವೋಟರ್ ಐಡಿ ಇಲ್ಲಾ ಪಾಸ್‌ಪೋರ್ಟ್ ಇಟ್ಕೊಳ್ಳಿ. ಗಡಿಯಾರ 15 ನಿಮಿಷ ಮುಂದಕ್ಕೆ ತಿರುಗಿಸಿ!

ಮೈಸೂರಿನ ನಾಯಿ ಅಕ್ಕ:
ಅಣ್ಣಾ, ಕರಿಯ ಹೋಗೋದಲ್ಲ, ವಾಪಸ್ ಬರೋದೇ ತಲೆನೋವು. ಭಾರತಕ್ಕೆ ನಾಯಿ ತರೋಕೆ ಪ್ರಾಣಿ ಕ್ವಾರಂಟೈನ್ ಇಲಾಖೆಯ ಒಪ್ಪಿಗೆ ಪತ್ರ ಬೇಕು. ರೇಬೀಸ್ ಲಸಿಕೆ ಹಾಕ್ಸಿ 30 ದಿನ ಆಗಿರ್ಬೇಕು, ವರ್ಷ ಮೀರಿರಬಾರದು. ಹೊರಡೋ ಮುಂಚೆನೇ ಬೆಂಗಳೂರಿನ ಅವರ ಕಚೇರಿಲಿ ವಿಚಾರಿಸಿ. ಲಸಿಕೆ ಪುಸ್ತಕ, ಡಾಕ್ಟರ್ ಕೊಟ್ಟ ಆರೋಗ್ಯ ಪತ್ರ ಎರಡೂ ಡ್ಯಾಶ್‌ಬೋರ್ಡಲ್ಲೇ ಇರಲಿ. ದಾರಿಲಿ ಚಿತವನ ರಾಷ್ಟ್ರೀಯ ಉದ್ಯಾನ ಅಂತ ತಿರುಗಿಬಿಟ್ರೆ ಕಾಡೊಳಕ್ಕೆ ಇವನನ್ನ ಬಿಡಲ್ಲ.

ಮಂಡ್ಯದ ಅಲೆಮಾರಿ:
ಅಕ್ಕಾ, ಪುಸ್ತಕ ತೆಗೆದು ನೋಡಿದೆ. ಲಸಿಕೆ ಹಾಕ್ಸಿ ಹದಿನಾಲ್ಕು ತಿಂಗಳು! ನಾಳೆ ಬೆಳಗ್ಗೆನೇ ದನದ ಆಸ್ಪತ್ರೆಗೆ.