ಅಪ್‌ಡೇಟ್: ಮ್ಯಾಂಡೊಲಿನ್ ಸ್ಲೈಸರ್‌ನಲ್ಲಿ ನಾನು ಮಾಡಿ ನೋಡಿದ ಅಡುಗೆಗಳು

ಬ್ಲೇಡಿನ ಮೇಲೆ ತರಕಾರಿಯನ್ನು ಜಾರಿಸಿ ಒಂದೇ ದಪ್ಪದ ಬಿಲ್ಲೆಗಳಾಗಿ ಹೆಚ್ಚುವ, ಹೊಸದಾಗಿ ಕೊಂಡ ಮ್ಯಾಂಡೊಲಿನ್ ಸ್ಲೈಸರ್‌ನಿಂದ ಏನೇನು ಅಡುಗೆ ಮಾಡಬಹುದೆಂದು ನಾನು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಮೊದಲು ಮಾಡಿದ್ದು, ಕೆನೆ ಹಾಕಿ ಪದರಪದರವಾಗಿ ಓವನ್‌ನಲ್ಲಿ ಬೇಯಿಸುವ ಆಲೂಗಡ್ಡೆ. ಬಿಲ್ಲೆಗಳನ್ನು ಸುಮಾರು 3 ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ, ನಿಮ್ಮಲ್ಲೊಬ್ಬರು ಒತ್ತಿ ಹೇಳಿದ್ದಂತೆ ತೊಳೆಯದೆಯೇ ಜೋಡಿಸಿದ್ದರಿಂದ, ಅವುಗಳಲ್ಲಿದ್ದ ಪಿಷ್ಟವೇ ಕೆನೆಯನ್ನು ಗಟ್ಟಿಯಾಗಿಸಿತು. ಎಲ್ಲವೂ ಒಂದೇ ದಪ್ಪವಿದ್ದುದರಿಂದ ಯಾವ ಪದರವೂ ಹಸಿಯಾಗಿ ಉಳಿಯಲಿಲ್ಲ. ಚಾಕುವಿನಿಂದ ನನಗೆ ಇದು ಎಂದೂ ಸಾಧ್ಯವಾಗಿರಲಿಲ್ಲ. ಚಿಪ್ಸ್‌ಗೆ ಮಾತ್ರ ಇದಕ್ಕೆ ತದ್ವಿರುದ್ಧವಾದ ಕ್ರಮ: 1 ಮಿಲಿಮೀಟರ್‌ನಷ್ಟು ತೆಳುವಾಗಿ ಹೆಚ್ಚಿ, ನೀರು ತಿಳಿಯಾಗುವವರೆಗೆ ತೊಳೆದು, ಬಟ್ಟೆಯಿಂದ ತೇವವನ್ನೆಲ್ಲ ಒರೆಸಿ ಕರಿದಾಗ ಅವು ಒಂದಕ್ಕೊಂದು ಅಂಟದೆ ಗರಿಗರಿಯಾದವು.

ಸೌತೆಕಾಯಿ ಬಿಲ್ಲೆಗಳಿಗೆ ಉಪ್ಪು ಬೆರೆಸಿ, 20 ನಿಮಿಷದ ನಂತರ ಹಿಂಡಿ ವಿನೆಗರ್ ಸೇರಿಸಿದೆ, ಸಲಾಡ್ ನೀರಾಗಲಿಲ್ಲ. ಹಣ್ಣಾದ ಟೊಮೆಟೊ ನೇರ ಬ್ಲೇಡಿಗೆ ಸಿಕ್ಕಿ ಜಜ್ಜಿಹೋಯಿತು, ಅದಕ್ಕೆ ಚಾಕುವೇ ಸರಿ.

ಬೆರಳು ಬ್ಲೇಡಿಗೆ ತಾಗದಂತೆ ತರಕಾರಿಯನ್ನು ಹಿಡಿಯುವ ಕೈರಕ್ಷಕವಿಲ್ಲದೆ ಹೆಚ್ಚಬೇಡಿ ಎಂಬ ನಿಮ್ಮ ಎಚ್ಚರಿಕೆಯ ಮಾತನ್ನು ನಾನು ಒಂದು ದಿನ ಮರೆತೆ. ಕೊನೆಯ ತುಂಡನ್ನೂ ಹೆಚ್ಚುವ ಆಸೆಯಿಂದ ಕೈರಕ್ಷಕವನ್ನು ಬದಿಗಿಟ್ಟಾಗ ಬೆರಳ ತುದಿ ಕೊಯ್ದುಹೋಯಿತು. ಈಗ ಕೈರಕ್ಷಕವಿಲ್ಲದೆ ಅದನ್ನು ಬಳಸುವುದಿಲ್ಲ, ಉಳಿದ ತುಂಡುಗಳನ್ನು ಸೂಪಿಗೆ ಹಾಕುತ್ತಿದ್ದೇನೆ.