ತಂದೆಯವರ ಮೃತ್ಯುಪತ್ರ: ಛಾಪಾ ಕಾಗದ, ಸಾಕ್ಷಿ, ನೋಂದಣಿ – ಇವುಗಳಲ್ಲಿ ಯಾವುದು ಕಡ್ಡಾಯ?

ಪ್ರಶ್ನೆ (ಸಿಂಧನೂರು ತಾಲ್ಲೂಕಿನ ರೈತ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 76 ವರ್ಷ. ಕೈ ನಡುಗುತ್ತದೆ, ಆದರೆ ಬುದ್ಧಿ ಚುರುಕಾಗಿಯೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವ 6 ಎಕರೆಯಲ್ಲಿ 2 ಎಕರೆ ಅಜ್ಜನವರು ಬದುಕಿದ್ದಾಗಲೇ ವಾಟ್ನಿಯಲ್ಲಿ (ಕುಟುಂಬದ ಆಸ್ತಿ ಪಾಲಾದಾಗ) ಬಂದದ್ದು, ಉಳಿದ 4 ಎಕರೆ ತಂದೆಯವರೇ ದುಡಿದು ಖರೀದಿಸಿದ್ದು. ಪಹಣಿಯಲ್ಲಿ ಎಲ್ಲವೂ ಅವರ ಹೆಸರಿನಲ್ಲಿದೆ. ಅವರೇ ಕಟ್ಟಿಸಿದ ಮನೆ ಮತ್ತು ಬ್ಯಾಂಕಿನ ಠೇವಣಿಯೂ ಇವೆ. ನಾನು, ತಮ್ಮ, ಬಳ್ಳಾರಿಗೆ ಮದುವೆಯಾಗಿ ಹೋದ ಅಕ್ಕ ಮೂವರು ಮಕ್ಕಳು, ತಾಯಿಯವರೂ ಇದ್ದಾರೆ. ಒಕ್ಕಲುತನ ನೋಡಿಕೊಂಡು ಅವರ ಜೊತೆಗಿರುವ ನನಗೆ ಹೊಲವನ್ನೆಲ್ಲ ಬರೆಯಬೇಕೆಂಬುದು ತಂದೆಯವರ ಇಚ್ಛೆ. ಛಾಪಾ ಕಾಗದದಲ್ಲಿ ಬರೆದು ನೋಂದಣಿ ಮಾಡಿಸದಿದ್ದರೆ ಮೃತ್ಯುಪತ್ರ ನಡೆಯುವುದಿಲ್ಲವೆಂದು ಸಂಬಂಧಿಕರು ಹೇಳುತ್ತಾರೆ. ಇದು ನಿಜವೇ?

ಉತ್ತರ (ರಾಯಚೂರು, ವಕೀಲರು)

ಮಾನ್ಯರೇ, ನಿಜವಲ್ಲ. ಮೃತ್ಯುಪತ್ರಕ್ಕೆ ಮುದ್ರಾಂಕ ಶುಲ್ಕವೇ ಇಲ್ಲ, ಬಿಳಿ ಹಾಳೆಯಲ್ಲಿ ಬರೆದರೂ ಸಾಕು. 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿಯೂ ಐಚ್ಛಿಕ. ಕಡ್ಡಾಯವಾದದ್ದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನಲ್ಲಿದೆ: ಬರೆಸಿದವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು, ಅದನ್ನು ಕಣ್ಣಾರೆ ಕಂಡ, ಇಲ್ಲವೇ 'ಇದು ನನ್ನದೇ ಸಹಿ' ಎಂದು ಅವರ ಬಾಯಿಂದಲೇ ಕೇಳಿದ ಕನಿಷ್ಠ ಇಬ್ಬರು ಸಾಕ್ಷಿಗಳು ಅವರ ಎದುರಿನಲ್ಲೇ ಸಹಿ ಮಾಡಬೇಕು.

ಆದರೆ ಅದಕ್ಕೂ ಮೊದಲು ಯಾವುದನ್ನು ಬರೆಯುವ ಹಕ್ಕು ತಂದೆಯವರಿಗಿದೆ ಎಂಬುದನ್ನು ನೋಡಬೇಕು. ಸ್ವಂತ ಗಳಿಕೆಯ 4 ಎಕರೆ, ಮನೆ ಮತ್ತು ಠೇವಣಿಯನ್ನು ಅವರು ಇಷ್ಟಪಟ್ಟವರಿಗೆ ಕೊಡಬಹುದು. ವಾಟ್ನಿಯ 2 ಎಕರೆ ಹಾಗಲ್ಲ. ಪಹಣಿಯಲ್ಲಿ ಒಬ್ಬರದೇ ಹೆಸರಿದ್ದರೂ, ಪಿತ್ರಾರ್ಜಿತವಾಗಿ ಪಾಲಿಗೆ ಬಂದ ಆ ಭೂಮಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದ ಹಕ್ಕಿರುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಆ ಹಕ್ಕು ಸಮಾನವಾಗಿದ್ದು, ಅದನ್ನು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಖಚಿತಪಡಿಸಿದೆ. ಅಲ್ಲಿ ತಂದೆಯವರು ಮೃತ್ಯುಪತ್ರದ ಮೂಲಕ ಕೊಡಬಹುದಾದದ್ದು ತಮ್ಮ ಪಾಲನ್ನು ಮಾತ್ರ. ವಾಟ್ನಿ ಪತ್ರ ಮತ್ತು ಖರೀದಿ ಪತ್ರಗಳನ್ನು ಎದುರಿಗಿಟ್ಟುಕೊಂಡು, ಸರ್ವೆ ನಂಬರು, ಹಿಸ್ಸಾ (ಅದರ ಉಪವಿಭಾಗ), ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಸಮೇತ ಎರಡನ್ನೂ ಬೇರೆಬೇರೆಯಾಗಿ ಬರೆಸಿ.

ಉತ್ತರ (ಬಳ್ಳಾರಿ, ನಿವೃತ್ತ ನೋಂದಣಿ ಇಲಾಖೆ ನೌಕರರು)

ವಕೀಲರ ಮಾತಿಗೆ ಒಂದು ವಿಷಯವನ್ನು ಒತ್ತಿ ಸೇರಿಸುತ್ತೇನೆ. ಮೃತ್ಯುಪತ್ರದ ಪರೀಕ್ಷೆ ನಡೆಯುವುದು ಬರೆಸಿದವರು ತೀರಿಕೊಂಡ ಮೇಲೆ. ಆಗ ನ್ಯಾಯಾಲಯ ಸಾಕ್ಷಿಗಳಲ್ಲಿ ಒಬ್ಬರನ್ನಾದರೂ ಕರೆಸಿ ಕೇಳುತ್ತದೆ, ನೋಂದಣಿಯಾಗಿದ್ದರೂ ಇದು ತಪ್ಪುವುದಿಲ್ಲ. ಆದ್ದರಿಂದ ತಂದೆಯವರ ಓರಗೆಯ ಹಿರಿಯರನ್ನು ಗೌರವಕ್ಕಾಗಿ ಸಾಕ್ಷಿ ಮಾಡುವ ನಮ್ಮ ಕಡೆಯ ರೂಢಿಯನ್ನು ಬಿಡಿ. ವಯಸ್ಸಿನಲ್ಲಿ ಚಿಕ್ಕವರಾದ, ಊರಲ್ಲೇ ನೆಲೆಸಿರುವ, ಆಸ್ತಿಯಲ್ಲಿ ಪಾಲು ಪಡೆಯದ ಇಬ್ಬರನ್ನು ಆರಿಸಿ. ಪತ್ರ ಬರಹಗಾರರು ಬರೆದ ಮಾತ್ರಕ್ಕೆ ಸಾಕ್ಷಿಯಾಗುವುದಿಲ್ಲ.

ಇನ್ನೊಂದು ಮಾತನ್ನು ನೀವು ಬೇಸರಪಡದೆ ಕೇಳಬೇಕು. ಹೆಚ್ಚಿನ ಲಾಭ ನಿಮಗೇ ಆಗುವುದರಿಂದ ಇದನ್ನು ಬರೆಸುವ ಓಡಾಟದಿಂದ ನೀವು ದೂರವಿರಿ. ಮೈಸೂರು ಸೀಮೆಯಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1959ರ ಹೊತ್ತಿಗೇ ಇದನ್ನು ಸ್ಪಷ್ಟಪಡಿಸಿದೆ: ದೊಡ್ಡ ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ್ದರೆ ಅದು ಸಂಶಯಕ್ಕೆ ಕಾರಣ, ಆ ಸಂಶಯವನ್ನು ನಿವಾರಿಸುವ ಹೊಣೆಯೂ ಪತ್ರವನ್ನು ಮುಂದಿಟ್ಟವರದೇ. ಹತ್ತಿರದ ವಾರಸುದಾರರನ್ನು ಕಾರಣವಿಲ್ಲದೆ ಬಿಟ್ಟಿರುವುದು ಕೂಡ ಸಂಶಯಕ್ಕೆಡೆ ಮಾಡುತ್ತದೆ. ಅಕ್ಕ, ತಮ್ಮಂದಿರಿಗೆ ಏಕೆ ಕಡಿಮೆ ಅಥವಾ ಏಕೆ ಇಲ್ಲ ಎಂಬುದನ್ನು ತಂದೆಯವರು ತಮ್ಮ ಮಾತಿನಲ್ಲಿಯೇ ಬರೆಸಲಿ. ಅವರಿಗೆ ಓದಿ ಹೇಳಿ ಅರ್ಥ ಮಾಡಿಸಲಾಗಿದೆ ಎಂಬ ಸಾಲೂ ಅದೇ ವಾರದ ವೈದ್ಯರ ಪ್ರಮಾಣಪತ್ರವೂ ಇದ್ದರೆ ಬಹಳ ಒಳ್ಳೆಯದು. ಇವು ಕಡ್ಡಾಯವಲ್ಲ, ಆದರೆ ಮುಂದೆ ಬಲ ಕೊಡುತ್ತವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬರೆಸುವ ಕೆಲಸವನ್ನು ತಂದೆಯವರ ಪರಿಚಯದ ವಕೀಲರಿಗೇ ಬಿಡುತ್ತೇನೆ. ತಂದೆಯವರಿಗೆ ಕಚೇರಿಗೆ ಹೋಗಲು ಆಗದಿದ್ದರೆ ನೋಂದಣಿ ಸಾಧ್ಯವೇ? ಠೇವಣಿಗೆ ತಮ್ಮನೇ ನಾಮಿನಿ, ಅದನ್ನು ಮೃತ್ಯುಪತ್ರದಲ್ಲಿ ಮತ್ತೆ ಬರೆಯಬೇಕೇ?

ಉತ್ತರ (ಬಳ್ಳಾರಿ)

ಸಾಧ್ಯ. ಅಶಕ್ತರ ಮನೆಗೆ ಉಪನೋಂದಣಾಧಿಕಾರಿಗಳು ಬಂದು ನೋಂದಣಿ ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ. ನನ್ನ ಅಭಿಪ್ರಾಯದಲ್ಲಿ ನೋಂದಣಿ ಮಾಡಿಸುವುದೇ ಲೇಸು, ಏಕೆಂದರೆ ಮೂಲ ಪತ್ರ ಕಳೆದರೂ ದಾಖಲೆ ಉಳಿಯುತ್ತದೆ. ತಂದೆಯವರು ಬದುಕಿರುವವರೆಗೆ ಅದರ ನಕಲು ಅವರಿಗೆ ಅಥವಾ ಅವರ ಮುಖ್ತ್ಯಾರರಿಗೆ (ಅವರು ಅಧಿಕಾರ ಕೊಟ್ಟವರಿಗೆ) ಹೊರತು ಬೇರೆಯವರಿಗೆ ಸಿಗುವುದಿಲ್ಲ. ಮನಸ್ಸು ಬದಲಾದರೆ ಅವರು ಎಷ್ಟು ಸಲ ಬೇಕಾದರೂ ಹೊಸದಾಗಿ ಬರೆಯಬಹುದು, ಕಡೆಯದೇ ಊರ್ಜಿತ.

ಉತ್ತರ (ಕೊಪ್ಪಳ, ನಿವೃತ್ತ ಬ್ಯಾಂಕ್ ವ್ಯವಸ್ಥಾಪಕರು)

ನಾಮಿನಿಯ ಬಗ್ಗೆ ಹೇಳುವುದಾದರೆ, ಬ್ಯಾಂಕು ಹಣವನ್ನು ನಾಮಿನಿಯ ಕೈಗೆ ಕೊಟ್ಟು ತನ್ನ ಹೊಣೆಯಿಂದ ಬಿಡುಗಡೆ ಹೊಂದುತ್ತದೆ, ಅಷ್ಟೇ. ನಾಮಿನಿ ಆ ಹಣದ ಒಡೆಯರಾಗುವುದಿಲ್ಲ. ವಾರಸುದಾರರಿಗೆ ಅಥವಾ ಮೃತ್ಯುಪತ್ರದಲ್ಲಿ ಹೆಸರಿರುವವರಿಗೆ ಅದನ್ನು ಒಪ್ಪಿಸಬೇಕಾಗುತ್ತದೆ. ಠೇವಣಿ ತಾಯಿಯವರಿಗೆ ಸೇರಬೇಕೆಂದು ತಂದೆಯವರ ಇಚ್ಛೆಯಿದ್ದರೆ, ಅದನ್ನು ಮೃತ್ಯುಪತ್ರದಲ್ಲಿ ಖಾತೆಯ ವಿವರದೊಂದಿಗೆ ಬರೆಸಿ, ಬ್ಯಾಂಕಿನಲ್ಲಿ ನಾಮಿನಿಯನ್ನೂ ತಾಯಿಯವರ ಹೆಸರಿಗೆ ಬದಲಾಯಿಸಿ. ಎರಡರಲ್ಲೂ ಒಂದೇ ಹೆಸರಿದ್ದರೆ ತಾಯಿಯವರು ಯಾರ ಮುಂದೆಯೂ ಕೈಚಾಚಬೇಕಾಗುವುದಿಲ್ಲ.